ಬಣ್ಣದ ಕೆಳಗಿನ ಬಿರುಕು: ಒಂದು ಸ್ಯಾನ್ ಸ್ಟಾರ್ಮ್ ಕಾರಿನ ಫೈಬರ್ ಬಾಡಿ ಕೆಲಸ

ಫೈಬರ್ ಬಾಡಿಯ ಕಾರಿನ ಮೇಲೆ ಕಾಣುವ ಬಿರುಕು ಬಣ್ಣದ ಬಿರುಕಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡವರಿಗೆ ಮುಂದಿನ ಕೆಲಸ ಎಷ್ಟೋ ಹಗುರವಾಗುತ್ತದೆ. ತಗಡಿನ ಕಾರಿನಲ್ಲಿ ಬಣ್ಣ ಎದ್ದರೆ ಅದಕ್ಕೆ ಕಾರಣ ಸಾಮಾನ್ಯವಾಗಿ ಮೇಲಿನಿಂದ ಬಿದ್ದ ಪೆಟ್ಟು ಅಥವಾ ಒಳಗಿನಿಂದ ಎದ್ದ ತುಕ್ಕು. ಫೈಬರಿನಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆಯೊಂದು ಮೇಲೆ ಮೂಡಿದರೆ, ಅದರ ಬುಡ ಬಣ್ಣದ ಕೆಳಗಿನ ಜೆಲ್‌ಕೋಟ್ ಎಂಬ ತೆಳುವಾದ ಹೊರಪದರದಲ್ಲಿರಬಹುದು, ಅದಕ್ಕೂ ಕೆಳಗಿನ ಗಾಜಿನ ನಾರಿನ ಪದರದಲ್ಲಿರಬಹುದು, ಎಷ್ಟೋ ಸಲ ಗೇಣುದ್ದ ಆಚೆ ಬಿಗಿದ ಒಂದು ಬೋಲ್ಟಿನ ಸುತ್ತಲೂ ಇರಬಹುದು. ಇದನ್ನು ವಿಚಾರಿಸದೆ ಗೆರೆಯ ಮೇಲೆ ಪುಟ್ಟಿ ಸವರಿ, ಉಜ್ಜಿ, ಬಣ್ಣ ಹೊಡೆದರೆ ಕಾರು ಗ್ಯಾರೇಜಿನಿಂದ ಹೊರಬರುವ ದಿನ ಹೊಚ್ಚಹೊಸದಾಗಿ ಕಾಣುತ್ತದೆ. ಒಂದು ಬೇಸಿಗೆ ಕಳೆಯುವುದರೊಳಗೆ ಅದೇ ಗೆರೆ ಅದೇ ಜಾಗದಲ್ಲಿ ಮತ್ತೆ ಎದ್ದು ನಿಲ್ಲುತ್ತದೆ.

ನಾನು ಇದನ್ನು ಬರೆಯುತ್ತಿರುವುದು ಒಂದು ಸ್ಯಾನ್ ಸ್ಟಾರ್ಮ್ ಕಾರಿನ ಬಾಡಿಯನ್ನು ಬಿಚ್ಚಿ, ಹಳೆಯ ಬಣ್ಣವನ್ನೆಲ್ಲ ತೆಗೆದು, ಬಿರುಕುಗಳನ್ನು ಸರಿಪಡಿಸಿ, ಮತ್ತೆ ಬಣ್ಣ ಹೊಡೆದ ಅನುಭವದ ಮೇಲೆ. ಈ ಪುಟ್ಟ, ಎರಡೇ ಸೀಟಿನ ಸ್ಪೋರ್ಟ್ಸ್ ಕಾರನ್ನು ನೆನಪಿಟ್ಟುಕೊಂಡವರು ಈಗ ಕಡಿಮೆ. ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ರೈಲು ಎಂಜಿನ್‌ಗಳನ್ನು ಕಟ್ಟುತ್ತಿದ್ದ ಸ್ಯಾನ್ ಬಳಗದವರೇ ಇದನ್ನು 1998ರಲ್ಲಿ ಮಾರುಕಟ್ಟೆಗೆ ತಂದರು. ಕಾರು ತಯಾರಾಗುತ್ತಿದ್ದುದು ಗೋವಾದಲ್ಲಿ. ಒಳಗಿದ್ದ ಎಂಜಿನ್ ರೆನೋ ಕಂಪನಿಯ 1149 ಸಿಸಿಯದು, ಶಕ್ತಿ ಸುಮಾರು 60 ಅಶ್ವಶಕ್ತಿ. ಅಂಕಿಗಳನ್ನು ನೋಡಿ ಇದೇನು ಸ್ಪೋರ್ಟ್ಸ್ ಕಾರು ಎನ್ನುವವರಿದ್ದಾರೆ. ಆದರೆ ನೆಲಕ್ಕೆ ಅಂಟಿದಂತೆ ಕುಳಿತು, ಮೇಲೆ ಆಕಾಶ ಬಿಟ್ಟರೆ ಬೇರೇನೂ ಇಲ್ಲದೆ ಓಡಿಸುವ ಕಾರನ್ನು ನಮ್ಮ ದೇಶದಲ್ಲೇ ಮಾಡಿ ಮಾರುವ ಧೈರ್ಯವನ್ನು ಆ ಕಾಲದಲ್ಲಿ ತೋರಿಸಿದವರು ಬಹಳ ಮಂದಿಯಿರಲಿಲ್ಲ. ಅಂಥ ಕಾರು ಇನ್ನೊಂದು ಕೈಗೆ ಹೋಗುವ ಮುನ್ನ ಗುಜರಿಗೆ ಹೋಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಇದರ ಬಾಡಿ ಫೈಬರಿನದ್ದು ಆಗಿರುವುದಕ್ಕೆ ಕಾರಣ ಸರಳ. ತಗಡಿನ ಬಾಡಿಗೆ ಪ್ರತಿ ಭಾಗಕ್ಕೂ ಉಕ್ಕಿನ ಡೈ ಬೇಕು, ಆ ಡೈಗಳನ್ನು ಒತ್ತುವ ದೊಡ್ಡ ಪ್ರೆಸ್ ಬೇಕು. ಲಕ್ಷಗಟ್ಟಲೆ ಕಾರು ಮಾರಿದರೆ ಮಾತ್ರ ಆ ಖರ್ಚು ಹುಟ್ಟುತ್ತದೆ. ಫೈಬರಿಗೆ ಒಂದು ಅಚ್ಚು, ರೆಸಿನ್ ಎಂಬ ಗಟ್ಟಿಯಾಗುವ ಅಂಟುದ್ರವ, ಮ್ಯಾಟ್ ಎಂಬ ಗಾಜಿನ ನಾರಿನ ಚಾಪೆ ಮತ್ತು ಕೆಲಸ ಬಲ್ಲ ಕೈಗಳು ಸಾಕು. 1953ರಲ್ಲಿ ಅಮೆರಿಕದ ಫ್ಲಿಂಟ್ ನಗರದಲ್ಲಿ ತಯಾರಾದ ಮೊದಲ 300 ಷೆವ್ರೊಲೆ ಕಾರ್ವೆಟ್‌ಗಳಿಗೂ, 1957ರಲ್ಲಿ ಜನರ ಮುಂದೆ ಬಂದ ಲೋಟಸ್ ಎಲೀಟ್‌ಗೂ ಇದೇ ಫೈಬರ್ ಬಾಡಿ ಇತ್ತು. ಎಲೀಟ್‌ನಲ್ಲಂತೂ ಪ್ರತ್ಯೇಕ ಷಾಸಿಯೇ ಇಲ್ಲದೆ ಬಾಡಿಯೇ ಕಾರಿನ ಭಾರವನ್ನೆಲ್ಲ ಹೊರುವಂತೆ ಮಾಡಿದ್ದರು. ಸಣ್ಣ ಪ್ರಮಾಣದಲ್ಲಿ ಸ್ಪೋರ್ಟ್ಸ್ ಕಾರು ಮಾಡಹೊರಟ ಎಷ್ಟೋ ಮಂದಿ ಆ ಹಾದಿ ಹಿಡಿದರು. ಅನುಕೂಲವೆಂದರೆ ತುಕ್ಕಿನ ಭಯವಿಲ್ಲ. ಕಷ್ಟವೆಂದರೆ, ಕಾರು ಹಳೆಯದಾದಾಗ ಅದರ ಕಾಯಿಲೆಯನ್ನು ಬಲ್ಲವರು ಸಿಗುವುದಿಲ್ಲ.

ಬೆಂಗಳೂರಿನಲ್ಲಿ ತಗಡಿನ ಕೆಲಸಕ್ಕೆ ಕೈಚಳಕದ ಟಿಂಕರಿಂಗ್‌ನವರು ಬೇಕಾದಷ್ಟು ಇದ್ದಾರೆ. ಜಜ್ಜಿಹೋದ ಡೋರನ್ನು ಒಳಗಿನಿಂದ ಡಾಲಿ ಎಂಬ ಕಬ್ಬಿಣದ ಗಟ್ಟಿಯ ಆನಿಕೆ ಕೊಟ್ಟು, ಹೊರಗಿನಿಂದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ, ಅಂಗೈ ಸವರಿಯೇ ಮಟ್ಟ ನೋಡುವ ಅವರ ವಿದ್ಯೆಗೆ ನಾನು ತಲೆಬಾಗುತ್ತೇನೆ. ಅಂಥ ಒಬ್ಬ ಹಿರಿಯ ಪೇಂಟಿಂಗ್ ಮೇಸ್ತ್ರಿ ನನ್ನ ಕಾರಿನ ಬಾನೆಟ್ಟನ್ನು ಬೆರಳಿನ ಗೆಣ್ಣಿನಿಂದ ಒಮ್ಮೆ ಬಡಿದು ನೋಡಿ, “ಇದು ತಗಡಲ್ಲ ಸಾರ್, ತಟ್ಟಿದ್ರೆ ಕೂರಲ್ಲ, ಒಡೆದೋಗತ್ತೆ. ಬಣ್ಣ ನಾನು ಹೊಡೀತೀನಿ, ಬಿರುಕಿನ ಕೆಲಸ ಫೈಬರ್‌ನೋರ ಕೈಲಿ ಮಾಡ್ಸಿ” ಎಂದರು. ಅಷ್ಟು ನೇರವಾಗಿ ತನ್ನ ವಿದ್ಯೆಯ ಗಡಿಯನ್ನು ಹೇಳಿದವರು ಸಿಕ್ಕಿದ್ದು ನನ್ನ ಪುಣ್ಯ. ಇದೇ ಕಾರನ್ನು ಹಿಂದೊಮ್ಮೆ ಬೇರೊಂದು ಗ್ಯಾರೇಜಿನವರು ತಗಡಿನ ಕಾರಿನಂತೆಯೇ ನೋಡಿ, ಬಿರುಕುಗಳಿಗೆಲ್ಲ ಪುಟ್ಟಿ ತುಂಬಿ ಮೇಲೆ ಕಪ್ಪು ಬಣ್ಣ ಬಳಿದಿದ್ದರು. ಅದರ ಫಲವನ್ನು ಬಣ್ಣ ತೆಗೆಯುವಾಗ ಪದರ ಪದರವಾಗಿ ಕಂಡೆ. ಫೈಬರಿನ ಕೆಲಸಕ್ಕೆ ಪೀಣ್ಯದ ಕಡೆ ನೀರಿನ ಟ್ಯಾಂಕು, ಕೆಮಿಕಲ್ ತೊಟ್ಟಿಗಳಿಗೆ ಮ್ಯಾಟ್ ಹಾಕಿ ರೆಸಿನ್ ಕುಡಿಸುವ ಒಬ್ಬ ಕುಶಲಕರ್ಮಿ ಸಿಕ್ಕರು. ಕಾರು ಅವರಿಗೆ ಹೊಸದು, ಫೈಬರ್ ಹೊಸದಲ್ಲ. ಹೀಗೆ ಇಬ್ಬರ ವಿದ್ಯೆಯನ್ನು ಒಂದು ಕಾರಿನ ಮೇಲೆ ಕೂಡಿಸಬೇಕಾಯಿತು.

ಬಣ್ಣ ತೆಗೆಯುವ ಮೊದಲು ಬಾಡಿಯನ್ನು ತೊಳೆಯಬೇಕು ಎಂದರೆ ಹಲವರಿಗೆ ಅದು ಅನಾವಶ್ಯಕವೆನಿಸುತ್ತದೆ, ಹೇಗೂ ಉಜ್ಜಿ ತೆಗೆಯುವುದೇ ಅಲ್ಲವೇ ಎಂದು. ವರ್ಷಗಟ್ಟಲೆ ಹಚ್ಚಿದ ಪಾಲಿಶ್‌ನಲ್ಲಿ ಸಿಲಿಕೋನ್ ಇರುತ್ತದೆ. ತೊಳೆಯದೆ ಉಜ್ಜಿದರೆ ಸ್ಯಾಂಡ್‌ಪೇಪರ್ ಆ ಜಿಡ್ಡನ್ನು ತೆಗೆಯುವ ಬದಲು ಗೀರುಗಳೊಳಗೆ ತುಂಬುತ್ತದೆ, ಮತ್ತು ತಿಂಗಳುಗಳ ನಂತರ ಹೊಸ ಬಣ್ಣ ಬಿದ್ದ ಕೂಡಲೇ ಅಲ್ಲಲ್ಲಿ ಬಣ್ಣ ಹಿಂದೆ ಸರಿದು ಮೀನಿನ ಕಣ್ಣಿನಂಥ ಗುಳಿಗಳು ಏಳುತ್ತವೆ. ಆದ್ದರಿಂದ ಮೊದಲು ಸೋಪಿನ ನೀರು, ಆಮೇಲೆ ವ್ಯಾಕ್ಸ್ ಮತ್ತು ಗ್ರೀಸ್ ತೆಗೆಯುವ ದ್ರಾವಣ. ಒಂದು ಬಟ್ಟೆಯಲ್ಲಿ ಹಚ್ಚಿ, ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಲ್ಲಿ ಒರೆಸಬೇಕು. ಆರಲು ಬಿಟ್ಟರೆ ಜಿಡ್ಡು ಇದ್ದಲ್ಲೇ ಮತ್ತೆ ಕೂರುತ್ತದೆ.

ತಗಡಿನ ಬಾಡಿಗೆ ಇರುವ ಸುಲಭದ ದಾರಿಗಳೆಲ್ಲ ಇಲ್ಲಿ ಮುಚ್ಚಿಹೋಗಿರುತ್ತವೆ. ಪೇಂಟ್ ರಿಮೂವರ್ ಬಳಿದರೆ ಅದು ಬಣ್ಣದ ಜೊತೆಗೆ ಪಾಲಿಯೆಸ್ಟರ್ ರೆಸಿನ್ನನ್ನೂ ಕರಗಿಸಲು ಹೊರಡುತ್ತದೆ, ಬಿರುಕುಗಳ ಮೂಲಕ ನಾರಿನೊಳಗೆ ಇಳಿದು ಅಲ್ಲೇ ಉಳಿಯುತ್ತದೆ. ಮರಳಿನ ಬ್ಲಾಸ್ಟಿಂಗ್ ಮಾಡಿಸಿದರೆ ಅರ್ಧ ಮಿಲಿಮೀಟರ್ ಆಸುಪಾಸಿನ ದಪ್ಪದ ಜೆಲ್‌ಕೋಟ್ ಕ್ಷಣದಲ್ಲಿ ಹಾರಿಹೋಗಿ ನಾರು ಹೊರಬರುತ್ತದೆ. ಹೀಟ್ ಗನ್ ಹಿಡಿದರೆ ರೆಸಿನ್ ಮೆತ್ತಗಾಗಿ ಆಕಾರವೇ ಬದಲಾಗಬಹುದು. ಉಳಿಯುವುದು ಕೈಕೆಲಸ ಒಂದೇ. ಚಪ್ಪಟೆ ಬ್ಲೇಡನ್ನು ಮೇಲ್ಮೈಗೆ ಬಹುತೇಕ ಮಲಗಿಸಿ ಹಿಡಿದು ತಳ್ಳಿದರೆ ದಪ್ಪಗಾದ ಹಳೆಯ ಬಣ್ಣ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಏಳದ ಕಡೆ 80 ನಂಬರಿನ ಸ್ಯಾಂಡ್‌ಪೇಪರ್ (ನಂಬರ್ ಹೆಚ್ಚಿದಷ್ಟೂ ಪೇಪರ್ ನಯ), ಪ್ರೈಮರ್ ಕಾಣಿಸಿದ ಕೂಡಲೇ 120, ಜೆಲ್‌ಕೋಟ್ ಹತ್ತಿರವಾದಾಗ 180. ನನ್ನ ಕಾರಿನಲ್ಲಿ ಕಪ್ಪು, ಅದರ ಕೆಳಗೆ ಬೂದು ಪ್ರೈಮರ್, ಅದರ ಕೆಳಗೆ ಕೆಂಪು, ಮತ್ತೊಂದು ಪ್ರೈಮರ್, ಕಡೆಗೆ ಜೆಲ್‌ಕೋಟ್. ಬಾನೆಟ್ಟಿನ ಮೂತಿಯ ಹತ್ತಿರ ಕಪ್ಪಿಗೂ ಕೆಂಪಿಗೂ ನಡುವೆ ಪುಟ್ಟಿಯ ಹಳದಿ ದ್ವೀಪವೊಂದು ಇತ್ತು. ಅದರ ನಟ್ಟನಡುವೆ, ತುಂಬಿದ ಪುಟ್ಟಿಯನ್ನೂ ಸೀಳಿಕೊಂಡು, ಬಿರುಕು ಹಾದುಹೋಗಿತ್ತು.

ಈ ಹಂತದ ಧೂಳಿನ ಬಗ್ಗೆ ಹೇಳಲೇಬೇಕು. ಬಣ್ಣದ ಧೂಳಿಗಿಂತ ಗಾಜಿನ ನಾರಿನ ಧೂಳು ಕೆಟ್ಟದ್ದು. ಮೈಗೆ ಚುಚ್ಚಿ ತುರಿಕೆ ತರುತ್ತದೆ, ಶ್ವಾಸಕ್ಕಂತೂ ಸಲ್ಲದು. ತುಂಬುತೋಳಿನ ಬಟ್ಟೆ, ಕನ್ನಡಕ, ಮುಖಕ್ಕೆ ಬಿಗಿಯಾಗಿ ಕೂರುವ ಧೂಳಿನ ಮಾಸ್ಕ್ ಇಲ್ಲದೆ ಗ್ರೈಂಡರ್ ಮುಟ್ಟಬಾರದು. ಸಾಧ್ಯವಾದಲ್ಲೆಲ್ಲ ನೀರು ಹಾಕಿಯೇ ಉಜ್ಜಬೇಕು. ಆದರೆ ನಾರು ತೆರೆದ ಜಾಗದಲ್ಲಿ ನೀರು ತಾಗಿಸಬಾರದು, ಏಕೆಂದರೆ ಅದು ಹೀರಿದ ತೇವ ಆಮೇಲೆ ಬಣ್ಣದ ಕೆಳಗೆ ಗುಳ್ಳೆಯಾಗಿ ಹೊರಬರುತ್ತದೆ.

ಬಣ್ಣವೆಲ್ಲ ಹೋಗಿ ಬರಿಯ ಬಾಡಿ ಕಣ್ಣ ಮುಂದೆ ನಿಂತಾಗ ಬಿರುಕುಗಳನ್ನು ಓದುವ ಕೆಲಸ ಶುರುವಾಗುತ್ತದೆ, ಇಡೀ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಅದೇ. ಒಂದು ಬಿಂದುವಿನಿಂದ ಸುತ್ತಲೂ ಕಿರಣಗಳಂತೆ ಹೊರಟ ಗೆರೆಗಳಿದ್ದರೆ ಅಲ್ಲಿ ಒಂದೇ ಜಾಗಕ್ಕೆ ಪೆಟ್ಟು ಬಿದ್ದಿದೆ ಎಂದರ್ಥ, ಮತ್ತು ಆ ಪೆಟ್ಟು ಹೆಚ್ಚಾಗಿ ಒಳಗಿನಿಂದ ಬಂದಿರುತ್ತದೆ: ಚಕ್ರ ಎಸೆದ ಕಲ್ಲು, ಬಾನೆಟ್ ಮುಚ್ಚುವಾಗ ಒಳಗೆ ಮರೆತ ಸ್ಪ್ಯಾನರ್. ಒಂದರ ಪಕ್ಕ ಒಂದು ಸಮಾನಾಂತರವಾಗಿ ಸಾಗಿದ ಗೆರೆಗಳಿದ್ದರೆ ಆ ಭಾಗ ಓಡುವಾಗ ಬಾಗುತ್ತಿದೆ, ಒಳಗೆ ಆಧಾರ ಸಾಲದು. ಡೋರಿನ ಹಿಂಜ್ ಸುತ್ತ, ಬಾನೆಟ್ಟಿನ ಮೂಲೆಗಳಲ್ಲಿ, ಬಂಪರ್ ಕೂರುವ ಬೋಲ್ಟುಗಳ ಸುತ್ತ ಚಂದ್ರಾಕಾರದ ಬಿರುಕುಗಳಿದ್ದರೆ ಯಾರೋ ಬೋಲ್ಟನ್ನು ತಗಡಿನ ಕಾರಿಗೆ ಬಿಗಿದಂತೆ ಬಿಗಿದಿದ್ದಾರೆ. ಹಗಲು ಬೆಳಕಿನಲ್ಲಿ ಕಾಣದ ಸಣ್ಣ ಗೆರೆಗಳನ್ನು ಹಿಡಿಯಲು, ತೆಳುಗೊಳಿಸಿದ ಕಪ್ಪು ಇಂಕನ್ನು ಬಟ್ಟೆಯಲ್ಲಿ ಒರೆಸಿ ತಕ್ಷಣ ತೆಗೆದೆವು. ಬಿರುಕಿದ್ದಲ್ಲೆಲ್ಲ ಇಂಕು ಉಳಿದು ಇಡೀ ಬಾಡಿಯ ನಕ್ಷೆ ಎದ್ದು ಬಂತು.

ಎಡ ಮುಂದಿನ ಚಕ್ರದ ಕಮಾನಿನ ಮೇಲೆ ಅಂಗೈ ಅಗಲದ ಒಂದು ನಕ್ಷತ್ರದ ಬಿರುಕು ಇತ್ತು. ಅದನ್ನು ಸರಿಪಡಿಸಿದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಉಳಿದ ಬಿರುಕುಗಳೆಲ್ಲ ಇದರ ದೊಡ್ಡ ಅಥವಾ ಸಣ್ಣ ರೂಪಗಳೇ. ಮೊದಲು ಒಳಭಾಗ. ಕಮಾನಿನ ಒಳಗೆ ಅಂಟಿದ್ದ ಡಾಂಬರಿನಂಥ ಅಂಡರ್‌ಕೋಟಿಂಗನ್ನು ಕೆರೆದು ತೆಗೆದಾಗ ನಾರಿನ ಪದರ ಬಿಳಿಚಿಕೊಂಡಿರುವುದು ಕಂಡಿತು. ರೆಸಿನ್ ನಾರನ್ನು ಬಿಟ್ಟಿದೆ ಎಂಬುದಕ್ಕೆ ಆ ಬಿಳುಪೇ ಸಾಕ್ಷಿ. ಮೇಲಿನ ಬಿರುಕಿಗೆ ಮಾತ್ರ ಕೈ ಹಾಕಿದ್ದರೆ ಈ ಸತ್ತ ಭಾಗ ಒಳಗೇ ಉಳಿದು ಪ್ರತಿ ಗುಂಡಿಯಲ್ಲೂ ಅಲುಗಾಡುತ್ತಿತ್ತು. ಬಿಳಿಚಿದ್ದೆಲ್ಲ ಹೋಗುವವರೆಗೆ ಪೀಣ್ಯದ ಕುಶಲಕರ್ಮಿ ಗ್ರೈಂಡ್ ಮಾಡಿ, ಅಂಚುಗಳನ್ನು ಇಳಿಜಾರಾಗಿಸಿದರು. ಆ ಇಳಿಜಾರಿಗೂ ಒಂದು ಲೆಕ್ಕವಿದೆ: ಭಾರ ಹೊರುವ ಜಾಗದಲ್ಲಿ ದಪ್ಪದ ಹನ್ನೆರಡು ಪಟ್ಟು ಉದ್ದ. ಅಂದರೆ 3 ಮಿಲಿಮೀಟರ್ ದಪ್ಪದ ಬಾಡಿಗೆ ಸುತ್ತಲೂ 36 ಮಿಲಿಮೀಟರ್ ಇಳಿಜಾರು. ಬಿರುಕಿಗಿಂತ ಎಷ್ಟೋ ದೊಡ್ಡ ಗಾಯ ಮಾಡಿದಂತೆ ನೋಡುವವರಿಗೆ ಅನ್ನಿಸುತ್ತದೆ. ಆದರೆ ಹೊಸ ನಾರು ಹಳೆಯದರ ಮೇಲೆ ಅಂಟು ಹಿಡಿಯಲು ಬೇಕಾದ ಜಾಗವನ್ನು ಆ ಇಳಿಜಾರೇ ಕೊಡುತ್ತದೆ. ನೆಟ್ಟಗೆ ಕೊಯ್ದ ಅಂಚಿಗೆ ಎಷ್ಟು ರೆಸಿನ್ ತುಂಬಿದರೂ ಅಲ್ಲೇ ಮತ್ತೆ ಬಿಡುತ್ತದೆ.

ರೆಸಿನ್ ಕಲಸುವುದನ್ನು ಅವರು ಬೇರೆ ಯಾರಿಗೂ ಬಿಡಲಿಲ್ಲ. ಎಸ್‌ಜೆಪಿ ರಸ್ತೆಯಿಂದ ತಂದ ಸಾಮಾನಿನಲ್ಲಿ ಮೂರು ಪಾತ್ರೆಗಳಿದ್ದವು: ರೆಸಿನ್, ಅದು ಗಟ್ಟಿಯಾಗುವುದನ್ನು ಚುರುಕುಗೊಳಿಸುವ ನೇರಳೆ ಬಣ್ಣದ ಕೋಬಾಲ್ಟ್, ಮತ್ತು ಅದನ್ನು ಗಟ್ಟಿಯಾಗಿಸುವ, ನೀರಿನಂತೆ ತಿಳಿಯಾದ ಕ್ಯಾಟಲಿಸ್ಟ್. ಕೋಬಾಲ್ಟನ್ನು ಮೊದಲು ರೆಸಿನ್‌ಗೆ ಬೆರೆಸಿ ಚೆನ್ನಾಗಿ ಕಲಸಿ, ಆಮೇಲೆ ಮಾತ್ರ ಕ್ಯಾಟಲಿಸ್ಟ್ ಹಾಕಬೇಕು. ಕೋಬಾಲ್ಟ್ ಮತ್ತು ಕ್ಯಾಟಲಿಸ್ಟ್ ಎರಡನ್ನೇ ನೇರವಾಗಿ ಸೇರಿಸಿದರೆ ಸ್ಫೋಟವಾಗುವ ಅಪಾಯವಿದೆ. ಈ ಕೆಲಸಕ್ಕೆ ಹೊಸದಾಗಿ ಕೈ ಹಾಕುವ ಯಾರೇ ಆಗಲಿ, ಬೇರೆಲ್ಲ ಮರೆತರೂ ಇದೊಂದನ್ನು ಮರೆಯಬಾರದು. ಕ್ಯಾಟಲಿಸ್ಟಿನ ಪ್ರಮಾಣ ತೂಕದಲ್ಲಿ ನೂರಕ್ಕೆ ಒಂದರಿಂದ ಎರಡು. ಕಡಿಮೆಯಾದರೆ ರೆಸಿನ್ ಎಂದಿಗೂ ಪೂರ್ತಿ ಗಟ್ಟಿಯಾಗುವುದಿಲ್ಲ; ಹೆಚ್ಚಾದರೆ ಅತಿಯಾಗಿ ಕಾದು ಪೆಡಸಾಗುತ್ತದೆ. ಮಧ್ಯಾಹ್ನದ ಬಿಸಿಲೇರಿದಾಗ ಮಗ್ಗಿನಲ್ಲಿರುವ ರೆಸಿನ್ ಕೈಯಲ್ಲಿ ಹಿಡಿದಿದ್ದಂತೆಯೇ ಬಿಸಿಯಾಗಿ ಗಟ್ಟಿಯಾಗಿಬಿಡಬಹುದು, ಹೀಗಾಗಿ ಅವರು ಬೆಳಗಿನ ಹೊತ್ತಿನಲ್ಲೇ, ಒಂದು ಸಲಕ್ಕೆ ಬೇಕಾದಷ್ಟನ್ನೇ ಕಲಸುತ್ತಿದ್ದರು.

ಮ್ಯಾಟಿನ ತುಂಡುಗಳನ್ನು ಕತ್ತರಿಯಲ್ಲಿ ಕತ್ತರಿಸದೆ ಕೈಯಲ್ಲಿ ಹರಿದರು. ಹರಿದ ಅಂಚಿನ ನಾರುಗಳು ಚದುರಿ ಹಳೆಯದರೊಡನೆ ಹೊಂದಿಕೊಳ್ಳುತ್ತವೆ, ಕತ್ತರಿಸಿದ ಅಂಚು ಗೆರೆಯಾಗಿ ಉಳಿದು ಕಡೆಗೆ ಬಣ್ಣದಲ್ಲೂ ಕಾಣಿಸುತ್ತದೆ. ಬ್ರಷ್ಷಿನಿಂದ ಬಳಿಯದೆ, ತುದಿಯಿಂದ ಕುಟ್ಟಿ ಕುಟ್ಟಿ ರೆಸಿನ್ ಕುಡಿಸಿದರು. ಬೆಳ್ಳಗಿದ್ದ ಮ್ಯಾಟ್ ನೋಡನೋಡುತ್ತ ಪಾರದರ್ಶಕವಾಯಿತು. ಆಮೇಲೆ ಗೀರುಗಳಿರುವ ಪುಟ್ಟ ಲೋಹದ ರೋಲರ್ ಉರುಳಿಸಿ ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಅಂಚಿನತ್ತ ತಳ್ಳಿದರು. ಒಂದು ಗುಳ್ಳೆ ಉಳಿದರೂ ಅಲ್ಲಿ ನಾರಿನ ಬದಲು ಗಾಳಿ ಇದೆ ಎಂದೇ ಲೆಕ್ಕ. ಒಳಗಿನ ಪದರಗಳು ಗಟ್ಟಿಯಾದ ಮೇಲೆ ಹೊರಗಿನ ಬಿರುಕಿನ ಪ್ರತಿ ಕಿರಣವನ್ನೂ ಅದರ ಕೊನೆಯವರೆಗೆ ಹಿಂಬಾಲಿಸಿ, ಗೆರೆ ಮಾಯವಾಗುವಷ್ಟು ಆಳಕ್ಕೆ ಅಗಲವಾಗಿ ತೆರೆದು, ತೆಳುವಾದ ಮ್ಯಾಟ್ ಮತ್ತು ರೆಸಿನ್‌ನಿಂದ ತುಂಬಿದರು. ಪುಟ್ಟಿ ಬಂದದ್ದು ಇವೆಲ್ಲದರ ನಂತರ, ಮೇಲ್ಮೈಯ ಏರುತಗ್ಗು ಸರಿಪಡಿಸುವುದಕ್ಕೆ ಮಾತ್ರ.

ಇಲ್ಲಿಗೆ ಬಂದಾಗ ಎಲ್ಲರಿಗೂ ಅವಸರ ಹತ್ತುತ್ತದೆ. ಬಾಡಿ ನಯವಾಗಿದೆ, ಪ್ರೈಮರ್ ಹೊಡೆದುಬಿಡೋಣ ಎನ್ನಿಸುತ್ತದೆ. ಆದರೆ ಪಾಲಿಯೆಸ್ಟರ್ ರೆಸಿನ್ ಕೈಗೆ ಗಟ್ಟಿಯೆನಿಸಿದ ಮೇಲೂ ವಾರಗಟ್ಟಲೆ ಗಟ್ಟಿಯಾಗುತ್ತಲೇ, ಕುಗ್ಗುತ್ತಲೇ ಇರುತ್ತದೆ. ಅದು ಕುಗ್ಗಿ ಮುಗಿಯುವ ಮೊದಲೇ ಬಣ್ಣ ಹೊಡೆದರೆ ದುರಸ್ತಿ ಮಾಡಿದ ಜಾಗದ ಅಂಚು, ಮ್ಯಾಟಿನ ನಾರಿನ ಗುರುತು ಎಲ್ಲವೂ ಹೊಳೆಯುವ ಬಣ್ಣದ ಮೇಲೆ ನೆರಳಿನಂತೆ ಮೂಡುತ್ತವೆ. ಇದಕ್ಕೆ ನಮ್ಮೂರಿನ ಫೆಬ್ರುವರಿ, ಮಾರ್ಚಿನ ಬಿಸಿಲಿಗಿಂತ ಒಳ್ಳೆಯ ಮದ್ದಿಲ್ಲ. ಭಾಗಗಳನ್ನೆಲ್ಲ ಅವು ಕಾರಿನಲ್ಲಿ ಕೂರುವ ಸ್ಥಿತಿಯಲ್ಲೇ ಆಧಾರ ಕೊಟ್ಟು ಬಿಸಿಲಿಗಿಟ್ಟೆವು; ಆಧಾರವಿಲ್ಲದೆ ಒರಗಿಸಿಟ್ಟ ಫೈಬರ್ ಒರಗಿದ ಆಕಾರವನ್ನೇ ಕಲಿತುಬಿಡುತ್ತದೆ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕುವುದು ತರವಲ್ಲ ಎಂಬುದಕ್ಕೂ ಇದೇ ಕಾರಣ, ಜೊತೆಗೆ ಗಾಳಿಯ ತೇವ ರೆಸಿನ್ನಿಗೂ ಬಣ್ಣಕ್ಕೂ ಶತ್ರು.

ಅನಂತರ ಮೇಸ್ತ್ರಿಯ ಸರದಿ. ಮೊದಲು ಎಪಾಕ್ಸಿ ಪ್ರೈಮರ್ ಹೊಡೆದು ಫೈಬರನ್ನು ಮುಚ್ಚಿದರು, ಅದರ ಮೇಲೆ ಉಜ್ಜಿ ಮಟ್ಟ ಮಾಡಲು ಬರುವ ದಪ್ಪ ಪ್ರೈಮರ್ ಆದ ಸರ್ಫೇಸರ್, ಅದರ ಮೇಲೆ ಮಂಜಿನಂತೆ ತೆಳುವಾದ ಕಪ್ಪು. ಆ ಕಪ್ಪನ್ನು ಮೊಳದುದ್ದದ ಬ್ಲಾಕಿಗೆ ಪೇಪರ್ ಸುತ್ತಿ ಓರೆಯಾಗಿ, ಒಮ್ಮೆ ಈ ಕಡೆಯಿಂದ ಒಮ್ಮೆ ಆ ಕಡೆಯಿಂದ ಉಜ್ಜುತ್ತ ಹೋದಂತೆ, ಏರು ಇದ್ದಲ್ಲಿ ಕಪ್ಪು ಬೇಗ ಹೋಗುತ್ತದೆ, ತಗ್ಗು ಇದ್ದಲ್ಲಿ ಉಳಿಯುತ್ತದೆ. ಬೆರಳಿನಿಂದ ಒತ್ತಿ ಉಜ್ಜುವುದನ್ನು ಅವರು ಕಂಡರೆ ರೇಗುತ್ತಿದ್ದರು; ಬೆರಳು ತಗ್ಗಿನೊಳಗೂ ಇಳಿದು ತಗ್ಗನ್ನು ತಗ್ಗಾಗಿಯೇ ಉಳಿಸುತ್ತದೆ. ಅಚ್ಚಿನಿಂದ ಹೊಸದಾಗಿ ಬಂದ ದಿನವೂ ಈ ಬಾಡಿ ಇಷ್ಟು ಮಟ್ಟಸವಾಗಿ ಇದ್ದಿರಲಿಕ್ಕಿಲ್ಲ. ಉಜ್ಜಿದ ಪೇಪರ್ 180, 320, 400, ಕಡೆಗೆ ನೀರಿನೊಂದಿಗೆ 600. ಕಾರಿನ ಹೊಳಪು ನಿರ್ಧಾರವಾಗುವುದು ಇಲ್ಲಿ, ಬಣ್ಣದ ಗನ್ ಕೈಗೆ ಬರುವ ಮುನ್ನವೇ.

ಬಣ್ಣ ಯಾವುದು ಎಂಬ ಬಗ್ಗೆ ಸ್ನೇಹಿತರಲ್ಲಿ ಚರ್ಚೆ ನಡೆಯಿತು. ಕಪ್ಪು ಬೇಡವೆಂದು ನಾನು ಹಟ ಹಿಡಿದೆ. ಬಿಸಿಲಿನಲ್ಲಿ ನಿಂತ ಕಪ್ಪು ಮೇಲ್ಮೈ ತಿಳಿಬಣ್ಣಕ್ಕಿಂತ ಬಹಳ ಹೆಚ್ಚು ಕಾಯುತ್ತದೆ, ಕಾದಷ್ಟೂ ಫೈಬರ್ ಮೆತ್ತಗಾಗಿ ನಾರಿನ ಗುರುತು ಮೇಲೇಳುತ್ತದೆ. ಹಿಂದಿನವರು ಬಳಿದ ಕಪ್ಪಿನ ಕೆಳಗೆ ಬಿರುಕುಗಳು ಅಷ್ಟು ಬೇಗ ಹರಡಿದ್ದಕ್ಕೆ ಬಿಸಿಲಿನ ಪಾಲೂ ಇದೆ ಎಂದು ನನಗನ್ನಿಸುತ್ತದೆ. ಬಣ್ಣ ತೆಗೆಯುವಾಗ ಡೋರಿನ ಒಳ ಅಂಚಿನಲ್ಲಿ ಸಿಕ್ಕ ಕೆಂಪಿನ ಚಕ್ಕೆಯನ್ನು ಪಾಲಿಶ್ ಮಾಡಿ ಜೆ.ಸಿ. ರಸ್ತೆಯ ಪೇಂಟ್ ಅಂಗಡಿಗೆ ಒಯ್ದು, ಅದಕ್ಕೆ ಹೊಂದುವಂತೆ ಬಣ್ಣ ಮಾಡಿಸಿದೆ. ಬಿಸಿಲಿಗೆ ಕಂದಿದ ಜಾಗದಿಂದ ತೆಗೆದ ಚಕ್ಕೆಗೆ ಹೊಂದಿಸಿದ್ದರೆ ಕಾರಿನ ಹುಟ್ಟುಬಣ್ಣ ಸಿಗುತ್ತಿರಲಿಲ್ಲ.

ಬಣ್ಣ ಹೊಡೆಯುವ ದಿನ ನೆಲಕ್ಕೆ ನೀರು ಚಿಮುಕಿಸಿ ಧೂಳು ಅಡಗಿಸಿ, ಕಂಪ್ರೆಸರಿನ ಪೈಪಿಗೆ ನೀರು ಬೇರ್ಪಡಿಸುವ ಫಿಲ್ಟರ್ ಹಾಕಿ, ಬಾಡಿಯನ್ನು ಅಂಟುಬಟ್ಟೆಯಲ್ಲಿ ಒರೆಸಿದ ಮೇಲೆ ಬೇಸ್ ಕೋಟ್ ಶುರುವಾಯಿತು. ಗನ್ ಬಾಡಿಯಿಂದ ಒಂದು ಗೇಣು ದೂರದಲ್ಲಿ, ಪ್ರತಿ ಸಾಲೂ ಹಿಂದಿನ ಸಾಲಿನ ಅರ್ಧವನ್ನು ಮುಚ್ಚುವಂತೆ, ಮಣಿಕಟ್ಟು ತಿರುಗದಂತೆ ಇಡೀ ಮೈಯೇ ಜೊತೆಯಲ್ಲಿ ಸರಿಯುತ್ತ ಅವರು ಹೊಡೆಯುತ್ತಿದ್ದುದನ್ನು ನೋಡುವುದೇ ಒಂದು ಭಾಗ್ಯ. ಒಂದೊಂದು ಕೋಟಿನ ನಡುವೆ ಥಿನ್ನರ್ ಆರಲು ಬಿಡಬೇಕು. ಫೈಬರಿನಲ್ಲಿ ಸಿಕ್ಕಿಬಿದ್ದ ಥಿನ್ನರ್ ಹೊರಬರಲು ಬೇರೆ ದಾರಿಯಿಲ್ಲದೆ ಗುಳ್ಳೆಯಾಗುತ್ತದೆ. ಹೆಚ್ಚಿನ ಶಾಖದಲ್ಲಿ ಬೇಯಿಸಿ ಒಣಗಿಸುವ ಬೂತ್ ಇದಕ್ಕೆ ಬೇಕಿರಲಿಲ್ಲ, ತಾನಾಗಿ ಒಣಗಲಿ ಎಂದು ಬಿಟ್ಟೆವು.

ಗಟ್ಟಿಯಾಗಿಸುವ ಹಾರ್ಡನರ್ ಬೆರೆಸುವ ಟೂಕೆ (ಎರಡು ಭಾಗದ) ಬಣ್ಣಗಳಲ್ಲಿ, ಮುಖ್ಯವಾಗಿ ಬೇಸ್ ಕೋಟಿನ ಮೇಲೆ ಹೊಡೆಯುವ ಪಾರದರ್ಶಕ ಕ್ಲಿಯರ್ ಕೋಟಿನಲ್ಲಿ, ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಅದಕ್ಕೆ ಹೇಳಿಕೊಳ್ಳುವಂಥ ವಾಸನೆಯಿಲ್ಲ. ಒಮ್ಮೆ ಶ್ವಾಸಕೋಶ ಅದಕ್ಕೆ ಕೆರಳಿದರೆ ಬದುಕಿಡೀ ಅಸ್ತಮಾ ಕಾಡಬಹುದು. ಹೊರಗಿನಿಂದ ಶುದ್ಧ ಗಾಳಿ ಕೊಡುವ ಮುಖವಾಡವೇ ಇದಕ್ಕೆ ಸರಿಯಾದ ರಕ್ಷಣೆ. ನಮ್ಮಲ್ಲಿ ಎಷ್ಟೋ ಪೇಂಟರ್‌ಗಳು ಮೂಗಿಗೆ ಕರ್ಚೀಫ್ ಕಟ್ಟಿಕೊಂಡು ಈ ಕೆಲಸ ಮಾಡುತ್ತಾರೆ. ಮೇಸ್ತ್ರಿಗೆ ಮುಖವಾಡ ತಂದುಕೊಟ್ಟಾಗ ಮೊದಲು ಬೇಡವೆಂದರು. “ಇಷ್ಟು ವರ್ಷ ಏನೂ ಆಗಿಲ್ಲ ಸಾರ್” ಎಂದವರು, ಸಂಜೆ ತಮಗಿದ್ದ ಕೆಮ್ಮಿನ ಬಗ್ಗೆ ತಾವೇ ಹೇಳಿದರು. ಕಾರಿನ ಬಣ್ಣಕ್ಕೆ ಸಾವಿರಾರು ರೂಪಾಯಿ ಸುರಿಯುವ ನಮ್ಮಂಥವರು ಆ ಖರ್ಚಿನಲ್ಲೇ ಹೊಡೆಯುವವರ ಉಸಿರಿನ ಖರ್ಚನ್ನೂ ಸೇರಿಸಿಕೊಳ್ಳಬೇಕು.

ಇನ್ನೊಂದು ವಿಷಯವನ್ನು ಹಳೆಯ ಫೈಬರ್ ಕಾರು ಕೊಳ್ಳಹೊರಟವರಿಗಾಗಿ ಹೇಳುತ್ತೇನೆ. ಬಣ್ಣದ ದಪ್ಪ ಅಳೆಯುವ ಸಾಮಾನ್ಯ ಮೀಟರ್ ಲೋಹದ ಮೇಲೆ ಮಾತ್ರ ಕೆಲಸ ಮಾಡುತ್ತದೆ, ಫೈಬರಿಗೆ ಅಲ್ಟ್ರಾಸೌಂಡಿನದ್ದೇ ಬೇಕು. ಅದಿಲ್ಲದಿದ್ದರೆ ಬಾನೆಟ್ಟಿನ ಕೆಳಗೆ, ಚಕ್ರದ ಕಮಾನುಗಳ ಒಳಗೆ ಟಾರ್ಚ್ ಬಿಟ್ಟು ನೋಡಿ. ಹೊರಗಿನ ಹೊಳಪು ಮುಚ್ಚಿಟ್ಟಿದ್ದನ್ನು ಒಳಗಿನ ನಾರು ಸಾಮಾನ್ಯವಾಗಿ ಬಿಟ್ಟುಕೊಡುತ್ತದೆ.

ಕ್ಲಿಯರ್ ಕೋಟ್ ಪೂರ್ತಿ ಗಟ್ಟಿಯಾದ ಮೇಲೆ ಬಫಿಂಗ್ ಆಯಿತು, ಆಮೇಲೆ ಭಾಗಗಳನ್ನು ಕಾರಿಗೆ ಮತ್ತೆ ಜೋಡಿಸಿದೆವು. ಬಿರುಕುಗಳ ಕಾರಣಕ್ಕೆ ಪರಿಹಾರ ಸಿಕ್ಕಿದ್ದು ಈ ಜೋಡಣೆಯಲ್ಲೇ. ಹಿಂಜ್ ಕೂರುವ ಜಾಗಗಳಲ್ಲಿ ಒಳಗಿನಿಂದ ಮೊದಲೇ ಎರಡು ಪದರ ಮ್ಯಾಟ್ ಹೆಚ್ಚಿಗೆ ಹಾಕಿಸಿ ಆಧಾರ ಕೊಟ್ಟಿದ್ದೆವು. ಬೋಲ್ಟಿನ ತೂತುಗಳನ್ನು ಕೂದಲಷ್ಟು ದೊಡ್ಡದು ಮಾಡಿ, ಬಿಸಿಲಿಗೆ ಹಿಗ್ಗುವ ಬಾಡಿಗೆ ಸರಿಯಲು ಜಾಗ ಬಿಟ್ಟೆವು. ಪ್ರತಿ ಬೋಲ್ಟಿನ ಕೆಳಗೂ ಅಗಲವಾದ ಸ್ಟೀಲ್ ವಾಷರ್, ಅದರ ಕೆಳಗೆ ರಬ್ಬರ್ ವಾಷರ್. ಬಿಗಿಯುವಾಗ ಉದ್ದ ಹಿಡಿಯ ಸ್ಪ್ಯಾನರ್ ಬೇಡವೆಂದು ಫೈಬರ್ ಕೆಲಸದವರು ಮೊದಲೇ ಹೇಳಿದ್ದರು: ರಬ್ಬರ್ ಅಂಚಿನಲ್ಲಿ ಸ್ವಲ್ಪ ಉಬ್ಬಿದ್ದು ಕಂಡೊಡನೆ ನಿಲ್ಲಿಸಬೇಕು, ಬೋಲ್ಟ್ ಸಡಿಲವಾದೀತೆಂಬ ಅನುಮಾನವಿದ್ದರೆ ಇನ್ನಷ್ಟು ಬಿಗಿಯುವ ಬದಲು ನೈಲಾನ್ ಇರುವ ಲಾಕ್ ನಟ್ ಹಾಕಬೇಕು. ಹಾಗೆಯೇ ಮಾಡಿದೆವು, ಡೋರಿನ ಹಿಂಜ್‌ಗಳಿಂದ ಹಿಡಿದು ನಂಬರ್ ಪ್ಲೇಟಿನ ಸ್ಕ್ರೂಗಳವರೆಗೆ.